ಬೀಗರ ದಂಡನ್ನು ಸೆರೆಹಿಡಿದು ಪದಕ ಪಡೆದದ್ದು

ಯುದ್ಧದ ನಾಲ್ಕು ವರ್ಷವೂ ನಾನು ನೌಕಾದಳದ ಮೀಸಲು ಅಧಿಕಾರಿಯಾಗಿದ್ದೆನೆಂಬುದೂ, ಆ ನಾಲ್ಕು ವರ್ಷದಲ್ಲಿ ನನ್ನ ಹಡಗು ದಡ ಬಿಟ್ಟು ಒಂದು ಗೇಣೂ ಕದಲಲಿಲ್ಲವೆಂಬುದೂ ದಾಖಲೆಯಲ್ಲಿರುವ ಸಂಗತಿ.

ಅದಕ್ಕೆ ಮುಂಚೆ ದೋಣಿ ನಡೆಸುತ್ತಿದ್ದೆ. ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ನನ್ನ ಮೀಸೆ ನೋಡಿಯೇ ನಿಂತ ಕಾಲಲ್ಲಿ ಅಧಿಕಾರಿ ಮಾಡಿದರು. ಹಡಗು ಯಾಕೆ ಕದಲಲಿಲ್ಲ ಅಂತೀರಾ? ಹಡಗು ನೌಕಾದಳದ್ದು, ಅದನ್ನು ಕಟ್ಟಿದ ಹಗ್ಗ ಬಂದರು ಇಲಾಖೆಯದ್ದು. ಬಿಚ್ಚಲು ಅರ್ಜಿ ಹಾಕಿದೆವು. ಹಡಗು ಹೊರಟಿರುವುದಕ್ಕೆ ದೃಢೀಕರಣ ಪತ್ರ ಲಗತ್ತಿಸಿ ಎಂದು ಉತ್ತರ ಬಂತು. ಲಗತ್ತಿಸುವ ಕೆಲಸ ಭರದಿಂದ ಸಾಗಿತ್ತು.

ಅಷ್ಟರಲ್ಲಿ ಒಬ್ಬಳೇ ಮಗಳ ಮದುವೆ ಗೊತ್ತಾಯಿತು. ರಜೆ ಕೇಳಿದೆ.

"ಸಮುದ್ರದಿಂದ ವಾಪಸು ಬಂದವರಿಗೆ ಮಾತ್ರ ರಜೆ," ಅಂದ ಹಡಗಿನ ಗುಮಾಸ್ತ. "ನೀವಿನ್ನೂ ಹೋಗೇ ಇಲ್ವಲ್ಲ ಸಾಹೇಬ್ರೇ."

ಮದುವೆಯ ದಿನ ಬೆಳಿಗ್ಗೆ ನನ್ನಾಕೆ ದಡಕ್ಕೇ ಬಂದು ನಿಂತಳು. ಹಿಂದೆ ಗಂಡಿನ ಕಡೆಯವರು, ಮೂವತ್ತೆಂಟು ಜನ.

"ರೀ, ಅಲ್ಲಿ ಕಾಣ್ತಿರೋದೇ ನಮ್ಮನೆ ಬಾಗಿಲು. ನಾಲ್ಕು ಹೆಜ್ಜೆ ಇಳಿದು ಬರೋಕೆ ಏನು ಧಾಡಿ? ಅಪ್ಪ ಇಲ್ದೆ ಮದುವೆ ಬೇಡ ಅಂತ ಕೂತಿದ್ದಾಳೆ ಮಗಳು!"

"ಇಳಿದ್ರೆ ರಣರಂಗ ಬಿಟ್ಟು ಓಡಿದ ಹಾಗೆ ಕಣೇ. ಗುಂಡಿಕ್ತಾರೆ."

ಬೀಗರು ಗಡಿಯಾರ ನೋಡಿಕೊಂಡರು. "ಮಧ್ಯಾಹ್ನದವರೆಗೆ ಕಾಯ್ತೀವಿ ಬೀಗ್ರೇ. ಆಮೇಲೆ ನಮ್ಮ ದಾರಿ ನಮಗೆ."

ಗುಮಾಸ್ತನಿಗೂ ಹೆಣ್ಣುಮಕ್ಕಳಿದ್ದರು. ನಿಯಮಗಳ ಪುಸ್ತಕದ ಪುಟ ತಿರುವಿ ಇನ್ನೊಂದು ಕಲಂ ಹುಡುಕಿದ: "ವೈರಿಗಳನ್ನು ಸೆರೆಹಿಡಿದ ಅಧಿಕಾರಿಯು ಅವರನ್ನು ಹತ್ತಿರದ ಸುಭದ್ರ ಕಟ್ಟಡದಲ್ಲಿಟ್ಟು ಖುದ್ದಾಗಿ ಕಾಯತಕ್ಕದ್ದು."

ನಾನು ಹಡಗಿನ ಅಂಚಿಗೆ ಬಂದು ಗುಡುಗಿದೆ. ಆ ದನಿಗೆ ಮೂರು ಮೈಲಿ ದೂರದ ಮೀನುಗಳು ತಳ ಸೇರಿದವಂತೆ. "ಬೀಗ್ರೇ, ದಯವಿಟ್ಟು ಎಲ್ಲರೂ ಒಂದು ಸಲ ಕೈ ಎತ್ತಿ!"

ಎತ್ತಿದರು. ಹುಡುಗನ ಅಜ್ಜಿಗೆ ಮಾತ್ರ ಒಂದೇ ಕೈ ಮೇಲೇಳುತ್ತಿತ್ತು. ಅದನ್ನು ಭಾಗಶಃ ಶರಣಾಗತಿ ಎಂದು ಬರೆದುಕೊಳ್ಳಲಾಯಿತು.

"ಇವರು ವೈರಿಗಳು ಅನ್ನೋಕೆ ಆಧಾರ?" ಗುಮಾಸ್ತ ಕೇಳಿದ.

"ಗಂಡಿನ ಕಡೆಯವರು."

ಗುಮಾಸ್ತ ಮೊಹರು ಒತ್ತಿದ.

ಹತ್ತಿರದ ಸುಭದ್ರ ಕಟ್ಟಡ ನಮ್ಮ ಮನೆಯೇ ಆಗಿತ್ತು. ಮದುವೆ ಸಾಂಗವಾಗಿ ನಡೆಯಿತು. ಒಂದು ಗುಂಡೂ ಹಾರಿಸದೆ ಮೂವತ್ತೆಂಟು ವೈರಿಗಳನ್ನು ಹಿಡಿದ ಸಾಹಸಕ್ಕೆ ನನಗೆ ಪದಕ ಬಂತು. ಬೇರೆಯವರಾಗಿದ್ದರೆ ಅಜ್ಜಿಯೊಬ್ಬರನ್ನು ಹಿಡಿಯುವಷ್ಟರಲ್ಲೇ ಸುಸ್ತಾಗುತ್ತಿದ್ದರು.

ಯುದ್ಧ ಮುಗಿಯಿತು. ಸೆರೆಯಾಳುಗಳ ಬಿಡುಗಡೆಗೆ ಅವರ ದೇಶದ ರಾಯಭಾರಿ ಬರೆದು ಕೇಳಬೇಕಂತೆ. ಬೀಗರದು ಪಕ್ಕದ ಬೀದಿ. ಆ ಬೀದಿಗೆ ರಾಯಭಾರಿ ಇಲ್ಲ. ಹಾಗಾಗಿ ಎಲ್ಲರೂ ಇನ್ನೂ ನಮ್ಮ ಮನೆಯಲ್ಲೇ ಇದ್ದಾರೆ. ಬೆಳಿಗ್ಗೆ ನಾನು ಹಾಜರಿ ಕರೆಯುತ್ತೇನೆ.

"ಮಾವ, ರಾಯಭಾರಿ ಗೀಯಭಾರಿ ಸಿಕ್ಕಿಬಿಟ್ರಾ?" ಅಂತ ಅಳಿಯ ಆತಂಕದಿಂದ ಕೇಳುತ್ತಾನೆ.

ಇಲ್ಲ ಅನ್ನುತ್ತೇನೆ. ಎಲ್ಲರೂ ನೆಮ್ಮದಿಯ ಉಸಿರು ಬಿಟ್ಟು ತಿಂಡಿಗೆ ಕೂರುತ್ತಾರೆ.