ಅರ್ಧಕ್ಕಿಳಿಸಿದ ಧ್ವನಿ

ಹೆದರಿಕೆಯಾದಾಗ ನನ್ನ ಧ್ವನಿ ಮೇಲಕ್ಕೇರುತ್ತದೆ ಎಂದು ಹೆಂಡತಿ ಗಿರಿಜೆ ಮದುವೆಯಾದಾಗಿನಿಂದ ಹೇಳುತ್ತಿದ್ದಾಳೆ. ನಾನು ಒಪ್ಪಿದ್ದೇ ಇಲ್ಲ. ಧ್ವನಿ ಅಳೆಯುವುದೇ ನನ್ನ ಹೊಟ್ಟೆಪಾಡು. ಹಲಸೂರಿನ ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಾ ಇವಳು ನನಗೆ ಪಾಠ ಹೇಳುವುದೆಂದರೇನು?

ದೊಡ್ಡನೆಕ್ಕುಂದಿಯ ನಮ್ಮ ಆಫೀಸಿನಲ್ಲಿ ತಯಾರಾಗುತ್ತಿರುವುದು ಕಿವಿಯ ನಕಲು. ಒಳಗಿವಿ ಮಾಡುವಂತೆಯೇ ನಮ್ಮ ಪ್ರೋಗ್ರಾಂ ಮಾತನ್ನು ಹತ್ತಾರು ಎಳೆಗಳಾಗಿ ಬಿಡಿಸಿ, ಎಲ್ಲ ಎಳೆಗಳಲ್ಲೂ ಮರುಕಳಿಸುವ ಕಂಪನ ಯಾವುದೆಂದು ನೋಡಿ, ಧ್ವನಿಯ ಶ್ರುತಿ ಎಷ್ಟು ಎತ್ತರದಲ್ಲಿದೆ ಎಂದು ಹೇಳುತ್ತದೆ. ಈ ಜಾತಿಯ ಪ್ರೋಗ್ರಾಂಗಳಿಗೆಲ್ಲ ಒಂದು ಕೆಟ್ಟ ಚಾಳಿ: ಆಗಾಗ ಇದ್ದದ್ದನ್ನು ಎರಡರಷ್ಟು ಮಾಡಿ ಹೇಳಿಬಿಡುತ್ತವೆ.

ಗುರುವಾರ ಡೆಮೊ ಇತ್ತು. ಧ್ವನಿ ಕೆಟ್ಟವರಿಗೆ ಚಿಕಿತ್ಸೆ ಕೊಡುವ ಬೆನ್ಸನ್ ಟೌನಿನ ಡಾಕ್ಟರಮ್ಮ ನೋಡಲು ಬರುವವರಿದ್ದರು. ಅವರು ಬೇಡವೆಂದರೆ ಪ್ರಾಜೆಕ್ಟೂ ಇಲ್ಲ, ನಾವು ಐದು ಜನವೂ ಇಲ್ಲ ಎಂದು ಮ್ಯಾನೇಜರ್ ಥಾಮಸ್ ಬೆಳಿಗ್ಗೆಯೇ ಹೇಳಿಹೋದ. ಕೊನೆಯದಾಗಿ ಒಮ್ಮೆ ನೋಡೋಣವೆಂದು ಮೈಕಿನ ಮುಂದೆ ಮಾತಾಡಿದರೆ, ದಿನವೂ ಸೆಕೆಂಡಿಗೆ ನೂರಿಪ್ಪತ್ತು ಕಂಪನ ತೋರಿಸುವ ಜಾಗದಲ್ಲಿ ಇನ್ನೂರ ಮೂವತ್ತು. ಅದೇ ಹಾಳು ಚಾಳಿ. ಹುಳುಕು ಹುಡುಕಲು ಸಮಯವಿರಲಿಲ್ಲ. ಗಂಡಸಿನ ಧ್ವನಿ ಇನ್ನೂರು ದಾಟಿದರೆ ಅರ್ಧ ಮಾಡಿ ಹೇಳು ಎಂದು ಪ್ರೋಗ್ರಾಂಗೆ ಒಂದು ಸಾಲು ತುರುಕಿದೆ.

ಡಾಕ್ಟರಮ್ಮ ಬಂದರು. ನಾನು ವಿವರಿಸತೊಡಗಿದೆ. ಪರದೆಯ ಮೇಲೆ ನೂರ ಹದಿನೈದು ಸಭ್ಯವಾಗಿ ಕೂತಿತ್ತು. ಅವರು ಕಣ್ಣುಮುಚ್ಚಿ ನನ್ನ ಮಾತು ಕೇಳಿದರು. ಕಣ್ಣು ಬಿಟ್ಟು ಪರದೆ ನೋಡಿದರು.

"ಇದು ಸುಳ್ಳು ಹೇಳ್ತಿದೆ ರೀ. ನಿಮ್ ವಾಯ್ಸ್ ನನ್ನದಕ್ಕಿಂತ ಮೇಲಿದೆ. ನೀವೇನಾದ್ರೂ ಹೇಳ್ಕೊಟ್ಟಿದ್ದೀರಾ ಅದಕ್ಕೆ?"

ಥಾಮಸ್ ನನ್ನ ಮುಖ ನೋಡಿದ. ಐದು ಸಂಸಾರಗಳ ಅನ್ನಕ್ಕೆ ಕಲ್ಲು ಹಾಕಿದೆನಲ್ಲ ಎನಿಸಿತು. ತಪ್ಪೊಪ್ಪಿಕೊಂಡು, ಎಲ್ಲರೆದುರೇ ಆ ಸಾಲು ಅಳಿಸಿ, ಮತ್ತೆ ಮಾತಾಡಿದೆ. ಇನ್ನೂರ ನಲವತ್ತು. ಯಂತ್ರ ಬೆಳಗಿನಿಂದಲೂ ಸರಿಯಾಗಿಯೇ ಕೇಳಿಸಿಕೊಳ್ಳುತ್ತಿತ್ತು.

ಡಾಕ್ಟರಮ್ಮ ನೀರಿನ ಲೋಟ ನನ್ನತ್ತ ಸರಿಸಿದರು. ಕುಡಿದು, ಸುಧಾರಿಸಿಕೊಂಡು ಮಾತಾಡುತ್ತಾ ಹೋದ ಹಾಗೆ ಪರದೆಯ ಗೆರೆ ಮೆಲ್ಲಗೆ ಕೆಳಗಿಳಿಯಿತು. ತಮ್ಮ ಪೇಷೆಂಟುಗಳೂ ಹೀಗೇ ಹೆದರಿಕೊಂಡು ಬರುವವರು, ಆ ಸಾಲೊಂದು ಇಲ್ಲದಿದ್ದರೆ ಇದು ತಮಗೆ ಬೇಕು ಎಂದರು. ನನಗೆ ಅಳು ಬರುವುದೊಂದು ಬಾಕಿ.

ಹೊರಗೆ ಬಂದು ಗಿರಿಜೆಗೆ ಫೋನ್ ಮಾಡಿ, ಡೆಮೊ ಚೆನ್ನಾಗಾಯಿತು ಎಂದೆ. ಅವಳ ಮಾತು ನಿಜವೆಂದು ಪರದೆಯ ಮೇಲೆ ಸಾಬೀತಾದದ್ದನ್ನು ಮಾತ್ರ ಹೇಳಲಿಲ್ಲ.

"ಏನ್ ಮುಚ್ಚಿಡ್ತಿದ್ದೀರಿ?"

ಏನಿಲ್ಲ ಎಂದೆ. ಅದು ಎಷ್ಟು ಎತ್ತರದಲ್ಲಿ ಬಂತೆಂದು ಈ ಸಲ ನನಗೂ ಕೇಳಿಸಿತು.