ಮಾವನವರ ಮುನಿಸು

ಡಬ್ಬಿಯಲ್ಲಿ ಕ್ಯಾರೆಟ್ ಇರಲಿಲ್ಲ. ಅಷ್ಟೇ ಆಗಿದ್ದು. ಆದರೆ ಬನ್ನಪ್ಪನ ಗ್ರಹಚಾರ ಕೆಡೋದಕ್ಕೆ ಅಷ್ಟೇ ಸಾಕಾಯಿತು.

ಬೇಕರಿಯ ಕುದುರೆಗಾಡಿ ಹೊಡೆದು ಅಂಗಡಿ ಅಂಗಡಿಗೆ ಬನ್ನು, ಬ್ರೆಡ್ಡು ಮುಟ್ಟಿಸುವ ಅವನಿಗೆ ಬೀದಿಯವರು ಇಟ್ಟ ಹೆಸರು ಅದು. ಕುದುರೆಗೆ ಅವನು ಇಟ್ಟ ಹೆಸರು ‘ಮಾವ’. ಬಂದ ದಿನದಿಂದ ಮುನಿಸಿಕೊಂಡು ಗೋಡೆಗೆ ಮುಖ ಮಾಡಿ ನಿಂತಿತ್ತಲ್ಲ, ಅದಕ್ಕೆ. ಪಾಪ, ಹಿಂದಿನ ಗಾಡಿಯವನು ಅದನ್ನು ಚಾಟಿಯಲ್ಲೇ ಮಾತಾಡಿಸುತ್ತಿದ್ದನಂತೆ. ಮನುಷ್ಯನ ಕೈ ಮೇಲೆದ್ದರೆ ಸಾಕು, ಅದರ ಮೈಯೆಲ್ಲ ನಡುಗುತ್ತಿತ್ತು. ಬನ್ನಪ್ಪ ನಲವತ್ತು ದಿನ ಬೇರೇನೂ ಮಾಡಲಿಲ್ಲ. ದಿನಾ ಬೆಳಿಗ್ಗೆ ಅಂಗೈ ಬಿಚ್ಚಿ, ಅದರ ಮೇಲೆ ಎರಡು ತುಂಡು ಕ್ಯಾರೆಟ್ ಇಟ್ಟುಕೊಂಡು, “ಮಾವನವರೇ, ತಿಂಡಿ ಆಯ್ತಾ?” ಅಂತ ದೂರದಲ್ಲಿ ನಿಲ್ಲುತ್ತಿದ್ದ. ಹೋದ ವಾರದಿಂದ ಮಾವನವರು ಹಗ್ಗವಿಲ್ಲದೆ ಅವನ ಹಿಂದೆ ಬರುವಷ್ಟು ಕರಗಿದ್ದರು.

ಅವತ್ತು ಪರೀಕ್ಷೆ. “ಮಕ್ಕಳು ಓಡಾಡೋ ಬೀದಿ ಕಣಯ್ಯ. ಸಾಯಂಕಾಲ ನಾಲ್ಕಕ್ಕೆ ನಾನೇ ಬಂದು ನೋಡ್ತೀನಿ. ಹಗ್ಗ ಬಿಚ್ಚಿ ಕರೆದ್ರೆ ನಿನ್ನ ಹತ್ರ ಬರ್ಬೇಕು. ಬರ್ಲಿಲ್ಲ ಅಂದ್ರೆ ಇಟ್ಟಿಗೆಗೂಡಿನವನಿಗೆ ಕೊಟ್ಬಿಡ್ತೀನಿ” ಅಂದಿದ್ದರು ಬೇಕರಿ ಯಜಮಾನರು. ಇಟ್ಟಿಗೆಗೂಡಿನಲ್ಲಿ ಕುದುರೆಗಳನ್ನು ಹೇಗೆ ದುಡಿಸುತ್ತಾರೆ ಅಂತ ಬನ್ನಪ್ಪ ಕಣ್ಣಾರೆ ಕಂಡಿದ್ದ.

ಯಜಮಾನರು ಬರುವ ದಿನ ಅಂತ ಇದ್ದ ಒಂದೇ ಒಳ್ಳೆ ಕೋಟು ಹಾಕಿಕೊಂಡ. ಡಬ್ಬಿ ತೆಗೆದರೆ ಖಾಲಿ. ಹೆಂಡತಿ ಆಗಲೇ ಬಟ್ಟೆ ಫ್ಯಾಕ್ಟರಿಯ ಕೆಲಸಕ್ಕೆ ಹೋಗಿಯಾಗಿತ್ತು. “ಇವತ್ತೇ ಮರೀಬೇಕಿತ್ತಾ ಇವಳು!” ಅಂತ ಗೊಣಗುತ್ತ ಮಾರ್ಕೆಟ್ಟಿಗೆ ಓಡಿದರೆ, ಅಲ್ಲಿ ವಾರದ ರಜ.

ಎದುರುಮನೆಯ ಟೈಲರ್ ಇವನ ಪೆಚ್ಚುಮೋರೆ ನೋಡಿ ವಿಷಯ ಕೇಳಿಕೊಂಡ. “ಅಯ್ಯೋ, ಇಷ್ಟಕ್ಕೆಲ್ಲ ಯಾಕ್ರೀ ತಲೆ ಕೆಡಿಸ್ಕೋತೀರಾ? ಬರೀ ಮುಷ್ಟಿ ತೋರಿಸ್ರೀ. ಒಳಗೇನಿದೆ ಅಂತ ಕುದುರೆಗೇನು ಗೊತ್ತಾಗುತ್ತೆ? ನಾನು ಗಿರಾಕಿಗಳಿಗೆ ದಿನಾ ‘ನಾಳೆ ಬನ್ನಿ’ ಅನ್ನಲ್ವಾ? ಬರ್ತಾನೇ ಇರ್ತಾರೆ!”

ಬನ್ನಪ್ಪನಿಗೆ ಮನಸ್ಸಿರಲಿಲ್ಲ. ಆದರೂ ತೋರಿಸಿದ. ಏನು ಹೇಳೋದು, ಮಾವನವರು ಮುಷ್ಟಿಯ ಹಿಂದೆಯೇ ಬಂದು ಗಾಡಿಗೆ ಹೆಗಲು ಕೊಟ್ಟರು! ಕಟ್ಟಿಯಾದ ಮೇಲೆ ಖಾಲಿ ಅಂಗೈ ನೆಕ್ಕಿ ನೋಡಿದರು, ಒಮ್ಮೆ ಉಸಿರುಬಿಟ್ಟರು. ಆಮೇಲೆ ಅವನ ಕೋಟಿಗೆ ಮೂತಿ ತಂದರು. “ಕೋಟು ಕೊಳೆಯಾಗುತ್ತೆ ಮಾವ” ಅಂತ ಬನ್ನಪ್ಪ ದೂಡಿದ.

ದಾರಿಯುದ್ದಕ್ಕೂ ಇದೇ ಕತೆ. ಒಂದು ಕೈ ಲಗಾಮಿಗೆ, ಇನ್ನೊಂದು ಕೈ ಸುಳ್ಳಿಗೆ. ಗಾಡಿ ನಿಂತಲ್ಲೆಲ್ಲ ಕುದುರೆ ಕತ್ತು ತಿರುಗಿಸಿ ಕೋಟು ಎಳೆಯುವುದು, ಇವನು ದೂಡುವುದು. ಆಸ್ಪತ್ರೆಯ ಗೇಟಿನ ಹತ್ತಿರ ಇವನು ಬನ್ನಿನ ತಟ್ಟೆ ಎತ್ತಿಕೊಂಡಿದ್ದಾಗ ಮಾವನವರು ಕೋಟಿನ ಪಕ್ಕಕ್ಕೆ ಹಲ್ಲು ಹಾಕಿ ಜಗ್ಗಿಯೇಬಿಟ್ಟರು. ಕೋಟು ಪರ್‍ರೆಂದು ಹರಿಯಿತು. ಮೂರು ಡಜನ್ ಬನ್ನು ಬೀದಿಪಾಲಾದವು.

ಬಾಗಿಲಲ್ಲಿ ನಿಂತಿದ್ದ ಕಾಂಪೌಂಡರ್ ಅಲ್ಲಿಂದಲೇ ಕೂಗಿದ. “ಕಚ್ಚೋದು ಕಲೀತಾ ಇದೆ ಮಾರಾಯ! ಈಗಲೇ ಮೂತಿಗೊಂದು ಬಿಡು. ಇಲ್ಲಾಂದ್ರೆ ಯಜಮಾನರ ಮುಂದೇನೇ ನಿನ್ನ ಮಾನ ಕಳೆಯುತ್ತೆ!”

ಬನ್ನಪ್ಪನ ಕೈ ಮೇಲೆದ್ದಿತು. ಮೂತಿಗೆ ಒಂದು ಬಿತ್ತು. ಜೋರಾಗೇನೂ ಅಲ್ಲ. ಆದರೆ ನಲವತ್ತು ದಿನದಲ್ಲಿ ಅದೇ ಮೊದಲು.

ಆಮೇಲೆ ಮಾವನವರು ಕೋಟಿನ ತಂಟೆಗೆ ಬರಲಿಲ್ಲ. ತಲೆ ತಗ್ಗಿಸಿ, ಹೇಳಿದ ಕಡೆ ನಿಂತು, ಹೇಳಿದ ಕಡೆ ಹೊರಟರು. ‘ಎಷ್ಟು ಚೆನ್ನಾಗಿ ಬುದ್ಧಿ ಬಂತು!’ ಅಂತ ನಮ್ಮ ಪೆದ್ದ ಹಿಗ್ಗಿದ. ಅಯ್ಯೋ, ಅಲ್ಲೇ ಒಂದು ಗಳಿಗೆ ನಿಂತು ಅದರ ಮುಖ ನೋಡಬಾರದಿತ್ತೇ?

ನಾಲ್ಕಕ್ಕೆ ಬೇಕರಿಯ ಹಿತ್ತಲಲ್ಲಿ ಯಜಮಾನರು, ಟೈಲರ್, ಕಾಂಪೌಂಡರ್ ಎಲ್ಲ ಸೇರಿದರು. ಇಟ್ಟಿಗೆಗೂಡಿನವನೂ ಹಗ್ಗ ಹಿಡಿದು ಬಂದಿದ್ದ. ಬನ್ನಪ್ಪ ಹಿತ್ತಲ ಆ ತುದಿಗೆ ಹೋಗಿ ನಿಂತು ಮುಷ್ಟಿ ಚಾಚಿದ. “ಮಾವನವರೇ, ಬನ್ನಿ.”

ಕುದುರೆ ಮುಷ್ಟಿ ನೋಡಿತು. ಅವನ ಮುಖ ನೋಡಿತು. ನಿಂತಲ್ಲೇ ನಿಂತಿತು.

“ಬನ್ನಿ ಮಾವ, ದಮ್ಮಯ್ಯ...” ಬನ್ನಪ್ಪ ಮುಷ್ಟಿಯನ್ನು ಇನ್ನಷ್ಟು ಮುಂದೆ ಚಾಚಿದ. ಟೈಲರ್ ಆಕಾಶ ನೋಡಿದ. ಕಾಂಪೌಂಡರ್‌ಗೆ ಆಸ್ಪತ್ರೆಯ ಕೆಲಸ ನೆನಪಾಯಿತು. ಯಜಮಾನರು ತಲೆಯಾಡಿಸಿದರು. ಇಟ್ಟಿಗೆಗೂಡಿನವನು ಹಗ್ಗ ಹಾಕಿ ಎಳೆದುಕೊಂಡು ಹೋದ. ಕುದುರೆ ತಿರುಗಿ ನೋಡಲಿಲ್ಲ.

ಮನೆಯಲ್ಲಿ ಹೆಂಡತಿ, ಕುದುರೆ ಕೋಟಿಗೆ ಹಲ್ಲು ಹಾಕಿದ್ದು, ಕರೆದರೂ ಬಾರದೆ ಹೋದದ್ದು ಕೇಳಿ, ಹರಿದ ಕೋಟು ಹೊಲಿಯಲು ಕೂತಳು. ಸೂಜಿಗೆ ದಾರ ಪೋಣಿಸುತ್ತ, “ಕ್ಯಾರೆಟ್ ತಿಂದ ಮೇಲೂ ಹೀಗೆ ಮಾಡ್ತಾ?” ಅಂದಳು.

“ಯಾವ ಕ್ಯಾರೆಟ್ಟು? ಡಬ್ಬಿ ಖಾಲಿ ಇತ್ತಲ್ಲೇ!”

“ಇವತ್ತು ಒಳ್ಳೆ ಕೋಟು ಹಾಕ್ಕೋತೀರಾ ಅಂತ ಅದರ ಜೇಬಲ್ಲೇ ಇಟ್ಟಿದ್ದೆನಲ್ರೀ! ಕೈ ಹಾಕಿ ನೋಡ್ಲಿಲ್ವಾ?” ಹರಿದ ಜಾಗದೊಳಗೆ ಬೆರಳು ತೂರಿಸಿ ಪುಟ್ಟ ಪೊಟ್ಟಣ ಹೊರಗೆ ಎಳೆದಳು. ಕಾಗದ ಒದ್ದೆಯಾಗಿತ್ತು. ಮೇಲೆ ಸಾಲಾಗಿ ಹಲ್ಲಿನ ಗುರುತು.

ಬನ್ನಪ್ಪ ಆ ಗುರುತಿನ ಮೇಲೆ ಬೆರಳಾಡಿಸಿದ.

“ಕಚ್ಚೋಕೆ ಬಂದಿದ್ದಲ್ಲ ಕಣ್ರೀ ಅದು” ಅಂದಳು ಹೆಂಡತಿ. “ಕೇಳ್ತಾ ಇತ್ತು.”

ಬನ್ನಪ್ಪ ಪೊಟ್ಟಣ ಹಿಡಿದು, ಚಪ್ಪಲಿ ಕೂಡ ಮೆಟ್ಟದೆ ಓಡಿದ. ಇಟ್ಟಿಗೆಗೂಡಿನ ಬೇಲಿಯ ಹತ್ತಿರ ಏದುಸಿರು ಬಿಡುತ್ತ ನಿಂತು, ಅಂಗೈ ಬಿಚ್ಚಿ, ಎರಡು ತುಂಡೂ ಕಾಣುವ ಹಾಗೆ ಕೈ ಎತ್ತಿದ. “ಮಾವನವರೇ, ಈ ಸಲ ನಿಜವಾಗ್ಲೂ ಇದೆ.”

ಮಾವನವರಿಗೆ ಮೇಲೆದ್ದ ಕೈಯಷ್ಟೇ ಕಂಡಿತು. ಮೈಯೆಲ್ಲ ನಡುಗಿತು. ಮೆಲ್ಲಗೆ ತಿರುಗಿ, ಇಟ್ಟಿಗೆಯ ಗೋಡೆಗೆ ಮುಖ ಮಾಡಿ ನಿಂತರು.