ಐದೂವರೆಯೊಳಗಿನ ಅರ್ಜಿ

"ಅರ್ಜಿ ಹಾಕಿದ್ರೇನ್ರಿ?" ಎಂದು ರೂತ್ ಹೋದ ವಾರ ರೊಟ್ಟಿ ಬಡಿಯುತ್ತ ಕೇಳಿದಾಗ, ಹೊರಗಿನ ಕೋಣೆಯಲ್ಲಿ ಕ್ರಿಕೆಟ್ ನೋಡುತ್ತಿದ್ದ ತಿಮೋತಿ ಟೀವಿಯಿಂದ ಕಣ್ಣು ಕೀಳದೆ, "ಹಾಕೀನಿ ತಗೊ" ಎಂದುಬಿಟ್ಟಿದ್ದ.

ಅದು ಪೂರ್ತಿ ಸುಳ್ಳೇನೂ ಆಗಿರಲಿಲ್ಲ. ಹೆಂಡತಿಯ ವರ್ಗಾವಣೆ ಅರ್ಜಿಯನ್ನು ಅವನು ಮನೆಯ ಕಂಪ್ಯೂಟರಿನಲ್ಲಿ ಮುಕ್ಕಾಲು ಪಾಲು ತುಂಬಿದ್ದ. ಅವಳ ಪ್ರಮಾಣಪತ್ರಗಳನ್ನೆಲ್ಲ ಸ್ಕ್ಯಾನ್ ಮಾಡಿ ಇಟ್ಟಿದ್ದ. ಯಾವ ಯಾವ ಶಾಲೆ ಬೇಕೆಂದು ಆರಿಸಿ ಕೊನೆಯ ಗುಂಡಿ ಒತ್ತುವುದಷ್ಟೇ ಬಾಕಿ. ನಾಳೆ ಒತ್ತಿದರಾಯಿತು ಎಂದುಕೊಂಡ. ಮರುದಿನ ಚರ್ಚಿನಲ್ಲಿ ಹಾಡಿನ ತಾಲೀಮು. ಅದರ ಮರುದಿನ ಯಾರದೋ ಮದುವೆ. ಮೂರು ದಿನ ಕಳೆಯುವಷ್ಟರಲ್ಲಿ ಅರ್ಜಿ ಹಾಕಿಯಾಗಿದೆ ಎಂದು ಅವನಿಗೇ ನಂಬಿಕೆ ಬಂದುಬಿಟ್ಟಿತ್ತು.

ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ, ತಾನು ಗುಮಾಸ್ತನಾಗಿದ್ದ ಮಿಶನ್ ಶಾಲೆಯ ಕಚೇರಿಯಲ್ಲಿ ಅವನು ಚಹಾ ಕುಡಿಯುತ್ತಿದ್ದ. ಎದುರು ಮೇಜಿನ ಕರುಣಾ ಪತ್ರಿಕೆಯಿಂದ ತಲೆಯೆತ್ತಿ, "ಸರ್, ವರ್ಗಾವಣಿ ಅರ್ಜಿಗೆ ಇವತ್ತ ಕಡಿ ದಿನ ಅಂತ. ಸಂಜಿ ಐದೂವರಿ ತನಕ. ನಿಮ್ಮ ಮನಿಯವರದು ಹಾಕಿ ಆಗಿರ್ಬೇಕಲ್ಲ?" ಎಂದಳು.

ತಿಮೋತಿ ಚಹಾದ ಕಪ್ಪನ್ನು ಅರ್ಧಕ್ಕೇ ಕೆಳಗಿಟ್ಟ.

ರೂತ್ ಒಂಬತ್ತು ವರ್ಷದಿಂದ ಕಲಘಟಗಿಯ ಆಚೆಯ ಹಳ್ಳಿಯೊಂದರ ಸರ್ಕಾರಿ ಶಾಲೆಗೆ ಎರಡು ಬಸ್ಸು ಬದಲಿಸಿ ಹೋಗಿ ಬರುತ್ತಿದ್ದಳು. ಎರಡನೆಯ ಬಸ್ಸು ತಪ್ಪಿದರೆ ನಡಿಗೆ. ಮೊಣಕಾಲು ನೋವು ಶುರುವಾಗಿ ಎರಡು ವರ್ಷವಾಗಿತ್ತು. ಈ ಸಲ ಹುಬ್ಬಳ್ಳಿಯಲ್ಲೇ ನಾಲ್ಕು ಜಾಗ ಖಾಲಿ ಇದ್ದವು. ಅದರಲ್ಲೊಂದು ದೇಶಪಾಂಡೆ ನಗರದ ಅವರ ಮನೆಯಿಂದ ಹತ್ತು ನಿಮಿಷದ ಹಾದಿ. ಕಾಯಿಪಲ್ಲೆ ತರುವ ನೆಪದಲ್ಲಿ ರೂತ್ ಎರಡು ಸಲ ಆ ಶಾಲೆಯ ಗೇಟಿನ ಮುಂದೆ ನಿಂತು, ಒಳಗಿನ ಬೇವಿನ ಮರ ನೋಡಿ ಬಂದಿದ್ದಳು. ಅದು ತಿಮೋತಿಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ಈಗ ಅವನು ಕುರ್ಚಿ ಬಿಟ್ಟು ಎದ್ದ.

ಹೆಡ್‌ಮಾಸ್ತರರಿಗೆ ಹೊಟ್ಟೆನೋವೆಂದು ಹೇಳಿ ಸ್ಕೂಟರ್ ಹತ್ತಿದ.

ಮನೆಗೆ ಬಂದವನೇ ಬೂಟು ಬಿಚ್ಚದೆ ಕಂಪ್ಯೂಟರಿನ ಗುಂಡಿ ಒತ್ತಿದ. ಡಬ್ಬಿಯ ಮೇಲೆ ಹಸಿರು ದೀಪ ಬಂತು. ಒಳಗೆ ಫ್ಯಾನು ಗುರ್ ಎಂದು ನಾಲ್ಕು ಸುತ್ತು ತಿರುಗಿ, ಟಕ್ ಎಂದು ಆರಿತು. ಮತ್ತೆ ಒತ್ತಿದ. ಮತ್ತೆ ಗುರ್, ಮತ್ತೆ ಟಕ್. ಬೆಳಿಗ್ಗೆ ಹಾಸಿಗೆಯ ಮೇಲೆ ಎದ್ದು ಕುಳಿತು, ಒಮ್ಮೆ ಆಕಳಿಸಿ, ಮತ್ತೆ ಹೊದ್ದು ಮಲಗುವ ಹುಡುಗನಂತೆ ಅದು ಏಳುತ್ತಿತ್ತು, ಮಲಗುತ್ತಿತ್ತು. ಹದಿನಾಲ್ಕು ಸಲ ಒತ್ತಿದ ಮೇಲೆ ತಿಮೋತಿ ಎಣಿಸುವುದನ್ನು ಬಿಟ್ಟ.

ಬೇರೆ ಕಡೆ ಹೋಗಿ ಅರ್ಜಿ ಹಾಕಬಹುದೇ ಎಂದು ಯೋಚಿಸಿದ. ಪ್ರಮಾಣಪತ್ರಗಳ ಪ್ರತಿ ಈ ಡಬ್ಬಿಯೊಳಗೆ. ಮೂಲ ಕಾಗದಗಳು ರೂತ್‌ಳ ಶಾಲೆಯ ಕಪಾಟಿನಲ್ಲಿ. ಅರ್ಜಿಯ ಪಾಸ್‌ವರ್ಡ್ ಕೂಡ ಈ ಕಂಪ್ಯೂಟರಿಗಷ್ಟೇ ನೆನಪಿತ್ತು, ಅವನಿಗಿರಲಿಲ್ಲ. ರೂತ್‌ಳನ್ನು ಕೇಳುವುದೆಂದರೆ, "ಹಾಕೀನಿ" ಅಂದದ್ದನ್ನು ಬಾಯಾರೆ ವಾಪಸು ತೆಗೆದುಕೊಳ್ಳುವುದು.

ಕಂಪ್ಯೂಟರ್ ರಿಪೇರಿ ಬಲ್ಲವನು ಅವನ ಗುರುತಿನಲ್ಲಿ ಒಬ್ಬನೇ ಇದ್ದ. ದುರ್ದೈವಕ್ಕೆ ಅವನು ರೂತ್‌ಳ ಖಾಸಾ ತಮ್ಮ. ಡೆನ್ನಿಸ್ ಲಕಮನಹಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ತಿಮೋತಿ ಬೇರೆ ದಾರಿ ಕಾಣದೆ ಫೋನು ಹಚ್ಚಿದ.

"ಮಾಮಾ, ನನ್ನ ಪಾಳಿ ಎರಡಕ್ಕ ಮುಗೀತೈತಿ. ಬಸ್ ಹಿಡದು ಬರೂದ್ರಾಗ ಮೂರೂವರಿ ಆಗ್ತೈತಿ," ಎಂದ ಡೆನ್ನಿಸ್.

"ಬಾ. ಆದ್ರ ನಿಮ್ಮ ಅಕ್ಕಗ ಹೇಳಬ್ಯಾಡ."

"ಏನು ಮಾಡೀರಿ ಮಾಮಾ?"

"ನೀ ಬಾ ಮೊದಲ."

ಅಷ್ಟರಲ್ಲಿ ಬಾಗಿಲಲ್ಲಿ ಗಿರಿಯಪ್ಪ ನಿಂತಿದ್ದರು. ಪಕ್ಕದ ಮನೆಯ ಗಿರಿಯಪ್ಪ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿ ನಿವೃತ್ತರಾದವರು. ನಿವೃತ್ತಿಯಾದ ಮೇಲೂ ಜೇಬಿನಲ್ಲಿ ಟೆಸ್ಟರ್ ಇಟ್ಟುಕೊಂಡೇ ತಿರುಗುತ್ತಿದ್ದರು.

"ಹಗಲೊತ್ನ್ಯಾಗ ಸ್ಕೂಟರ್ ನಿಂತೈತಲ್ಲ, ಆರಾಮ ಇಲ್ಲೇನಂತ ಬಂದೆ," ಎನ್ನುತ್ತ ಒಳಗೆ ಬಂದವರು ಗುರ್ ಟಕ್ ಎಂಬ ಸದ್ದು ಎರಡು ಸಲ ಕೇಳಿ ತೀರ್ಪು ಕೊಟ್ಟರು. "ಇದು ಕಂಪ್ಯೂಟರಿಂದಲ್ಲ. ಕರೆಂಟಿಂದು. ನಿಮ್ಮ ಬೋರ್ಡಿನ್ಯಾಗ ದೋಷ ಐತಿ."

"ಕಾಕಾ, ಈಗ ಬ್ಯಾಡ್ರಿ. ರಿಪೇರಿಯವ ಬರ್ತಾನ."

"ಅವ ಬರೂದ್ರಾಗ ನಾ ಮುಗಿಸಿರ್ತೇನಿ. ನಿಮ್ಮ ಮೊಬೈಲ್ ಕೊಡ್ರಿ, ಬ್ಯಾಟರಿ ಹಚ್ಚಿ ನೋಡೂಣು."

ಗಿರಿಯಪ್ಪ ಮೊಬೈಲಿನ ಬೆಳಕು ಹಿಡಿದು ಮೆಟ್ಟಿಲ ಕೆಳಗಿನ ಮೇನ್ ಸ್ವಿಚ್ ಎಳೆದರು. ಇಡೀ ಮನೆಯ ಕರೆಂಟು ಹೋಯಿತು. ಕೆಳಗಿನ ಮನೆಯಲ್ಲಿ ಮಿಕ್ಸರ್ ಸದ್ದು ನಿಂತಿತು. ಎರಡೇ ನಿಮಿಷದಲ್ಲಿ ಮನೆಯ ಮಾಲಕಿ ಲಕ್ಷ್ಮೀಬಾಯಿ, ಕೈತುಂಬ ಶೇಂಗಾ ಚಟ್ನಿ ಮೆತ್ತಿಕೊಂಡು ಮೇಲೆ ಬಂದರು.

"ಯಾರು ಕರೆಂಟ್ ತಗದವರು? ನನ್ನ ಚಟ್ನಿ ಅರ್ಧಕ್ಕ ನಿಂತೈತಿ."

"ಸರ್ದು ಕಂಪ್ಯೂಟರ್ ಕೆಟ್ಟೈತ್ರಿ," ಎಂದರು ಗಿರಿಯಪ್ಪ, ತಾನು ಆಸ್ಪತ್ರೆಯ ಡಾಕ್ಟರೇನೋ ಎಂಬಂತೆ.

ಲಕ್ಷ್ಮೀಬಾಯಿ ಚಟ್ನಿ ಮರೆತರು. ಕಂಪ್ಯೂಟರಿನ ಹತ್ತಿರ ಬಗ್ಗಿ ಮೂಸಿ ನೋಡಿದರು. "ಇದಕ್ಕ ಥಂಡಿ ಹಿಡದೈತಿ. ನಮ್ಮ ರೇಡಿಯೋಕ್ಕ ಹಿಂಗ ಆಗಿತ್ತು. ಬಿಸಲಿಗೆ ಇಟ್ರ ಒಂದು ತಾಸಿನ್ಯಾಗ ಮಾತಾಡಾಕ ಹತ್ತಿತ್ತು."

"ಕಾಕೂ, ಇದು ರೇಡಿಯೋ ಅಲ್ಲ."

"ಗೊತ್ತೈತಿ ನನಗ. ಅದಕ್ಕಿಂತ ನಾಜೂಕ. ಅದಕ್ಕ ಹೇಳಾಕತ್ತೇನಿ."

ತಿಮೋತಿ ಬೇಡ ಎನ್ನುತ್ತಿರುವಂತೆಯೇ ಗಿರಿಯಪ್ಪ ಡಬ್ಬಿ ಎತ್ತಿಕೊಂಡು ಮಾಳಿಗೆಯ ಕಡೆ ನಡೆದರು. ಬಿದ್ದರೆ ಗತಿಯೇನೆಂದು ತಿಮೋತಿ ಇನ್ನೊಂದು ತುದಿ ಹಿಡಿದ. ಮಾಳಿಗೆಯ ಬಿಸಿಲಲ್ಲಿ ಅದರ ಬದಿಯ ಮುಚ್ಚಳ ತೆಗೆದದ್ದಾಯಿತು. ಒಳಗೆ ಧೂಳು ಕಂಬಳಿಯಂತೆ ಹಾಸಿತ್ತು. ಗಿರಿಯಪ್ಪ ಉಸಿರು ತುಂಬಿ ಊದಿದರು. ಧೂಳೆಲ್ಲ ತಿಮೋತಿಯ ಬಿಳಿ ಅಂಗಿಗೆ ಬಂದು ಕೂತಿತು. ಅವನು ಕಣ್ಣೊರೆಸಿಕೊಂಡು ನೋಡುವಷ್ಟರಲ್ಲಿ ಲಕ್ಷ್ಮೀಬಾಯಿ ಒದ್ದೆ ಅರಿವೆ ಹಿಡಿದು ಒಳಗೆ ಕೈ ಹಾಕುತ್ತಿದ್ದರು. ತಿಮೋತಿ ತನ್ನ ನಲವತ್ತೇಳು ವರ್ಷದಲ್ಲಿ ಎಂದೂ ಹಿರಿಯರ ಕೈ ಹಿಡಿದು ಎಳೆದವನಲ್ಲ. ಅಂದು ಎಳೆದ.

ಲಕ್ಷ್ಮೀಬಾಯಿಗೆ ಸಿಟ್ಟು ಬಂತು. ಗಿರಿಯಪ್ಪನವರಿಗೆ ಹಸಿವಾಯಿತು. ಇಬ್ಬರೂ ಇಳಿದು, ಮೇನ್ ಸ್ವಿಚ್ ಮತ್ತೆ ಹಾಕಿ ಹೋದರು. ತಿಮೋತಿಯ ಮೊಬೈಲು ಗಿರಿಯಪ್ಪನವರ ಅಂಗಿಯ ಜೇಬಿನಲ್ಲೇ ಇಳಿದು ಹೋದದ್ದು ಆಗ ಯಾರ ಗಮನಕ್ಕೂ ಬರಲಿಲ್ಲ.

ಮೂರು ಮುಕ್ಕಾಲಿಗೆ ಡೆನ್ನಿಸ್ ಬಂದ. ಡಬ್ಬಿಯನ್ನು ಮತ್ತೆ ಕೆಳಗೆ ತಂದು ಮೇಜಿನ ಮೇಲೆ ಮಲಗಿಸಿದರು. ವಿಷಯ ಕೇಳಿ ಅವನು ಭಾವನ ಮುಖವನ್ನೊಮ್ಮೆ ನೋಡಿದ.

"ಮಾಮಾ, ಅಕ್ಕ ಮೊನ್ನೆ ನನ್ನ ಮುಂದ ಹೇಳಿದ್ಲು. ಅರ್ಜಿ ಹಾಕೇವಿ, ಇನ್ನ ದೇವರ ಕೈಯಾಗ ಐತಿ ಅಂತ."

"ಗೊತ್ತೈತಿ ಮಾರಾಯ. ಕೆಲಸ ನೋಡು."

ಡೆನ್ನಿಸ್ ಒಳಗಿನ ಮೆಮೊರಿ ಪಟ್ಟಿಯನ್ನು ಬಿಚ್ಚಿ, ಅದರ ಅಂಚನ್ನು ಉಜ್ಜಲು ರಬ್ಬರ್ ಕೇಳಿದ. ಮನೆಯಲ್ಲಿ ರಬ್ಬರ್ ಇರಲಿಲ್ಲ. ತಿಮೋತಿ ಕೆಳಗಿಳಿದು ಲಕ್ಷ್ಮೀಬಾಯಿಯವರ ಬಾಗಿಲಲ್ಲಿ ನಿಂತು ಕ್ಷಮೆ ಕೇಳಿದ, ಆಮೇಲೆ ರಬ್ಬರ್ ಕೇಳಿದ. ಅವರು ಎರಡನ್ನೂ ಕೊಟ್ಟು, ಹಿಂದೆಯೇ ಮೇಲೆ ಬಂದು ಕುರ್ಚಿ ಹಾಕಿಕೊಂಡು ಕುಳಿತರು. ಉಜ್ಜಿ ಹಾಕಿದರೂ ಗುರ್, ಟಕ್. ಡೆನ್ನಿಸ್ ತನ್ನ ಚೀಲದಿಂದ ಕರೆಂಟು ಹಂಚುವ ಹಳೆಯ ಪೆಟ್ಟಿಗೆಯೊಂದನ್ನು ತೆಗೆದು ಬದಲಿಸಿದ. ಗುರ್, ಟಕ್. ಗಡಿಯಾರದಲ್ಲಿ ನಾಲ್ಕೂ ನಲವತ್ತು.

ತಿಮೋತಿ ಮನಸ್ಸಿನಲ್ಲೇ ಪ್ರಾರ್ಥನೆ ಶುರುಮಾಡಿ, ಹೆಂಡತಿಗೆ ಸುಳ್ಳು ಹೇಳಿದವನು ಯಾವ ಮುಖದಿಂದ ಬೇಡುವುದೆಂದು ಅರ್ಧಕ್ಕೆ ನಿಲ್ಲಿಸಿದ.

ಡೆನ್ನಿಸ್ ಗುಂಡಿಯನ್ನು ಬೆರಳಿಂದ ಒತ್ತಿ ನೋಡಿದ. ಮತ್ತೆ ಒತ್ತಿದ. ಆಮೇಲೆ ಅದನ್ನು ಮೂಸಿದ.

"ಮಾಮಾ, ಇದರ ಮ್ಯಾಲ ಚಹಾ ಚೆಲ್ಲೀರೇನು?"

"ಒಮ್ಮೆ. ಸ್ವಲ್ಪ."

"ಸಕ್ಕರಿ ಅಂಟಿಗೊಂಡೈತಿ. ಗುಂಡಿ ಒಳಗ ಹೋದದ್ದು ಲಗೂ ಹೊರಗ ಬರವಲ್ದು. ಯಾರೋ ಬಂದ್ ಮಾಡಾಕ ಒತ್ತೇ ಹಿಡದಾರ ಅಂತ ತಿಳದು ಅದು ತಾನ ಆರಾಕತ್ತೈತಿ."

ಅವನು ಗುಂಡಿಯ ವಯರನ್ನೇ ಕಿತ್ತು ಬದಿಗಿಟ್ಟು, ಒಳಗಿನ ಎರಡು ಸಣ್ಣ ಮೊಳೆಗಳಿಗೆ ಸ್ಕ್ರೂಡ್ರೈವರಿನ ತುದಿ ಮುಟ್ಟಿಸಿದ. ಫ್ಯಾನು ತಿರುಗಿತು. ತಿರುಗುತ್ತಲೇ ಇತ್ತು. ಪರದೆಯ ಮೇಲೆ ಬೆಳಕು ಬಂತು. ಲಕ್ಷ್ಮೀಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. "ಬಿಸಲಿಗಿಟ್ಟದ್ದು ಸುಮ್ನ ಹೋಗಲಿಲ್ಲ ನೋಡು," ಎಂದರು.

ಆದರೆ ಪರದೆಯ ಮೇಲೆ ಬಂದದ್ದು ಬೇರೆಯೇ ಸುದ್ದಿ. ಕಂಪ್ಯೂಟರ್ ತನ್ನನ್ನು ತಾನು ಹೊಸದು ಮಾಡಿಕೊಳ್ಳುತ್ತಿದೆ, ಬಂದ್ ಮಾಡಬೇಡಿ, ನೂರಕ್ಕೆ ಎಂಟು ಭಾಗ ಮುಗಿದಿದೆ. ಮೂವರೂ ಆ ಅಂಕಿಯನ್ನೇ ನೋಡುತ್ತ ಕುಳಿತರು. ಹನ್ನೊಂದು. ಹತ್ತೊಂಬತ್ತು. ಮೂವತ್ತಕ್ಕೆ ಬಂದು ಅದು ಹತ್ತು ನಿಮಿಷ ಕದಲಲಿಲ್ಲ. ಲೆವೆಲ್ ಕ್ರಾಸಿಂಗ್ ಗೇಟಿನ ಮುಂದೆ ಸಿಕ್ಕಿಕೊಂಡ ಅಂಬ್ಯುಲೆನ್ಸಿನಲ್ಲಿ ಕುಳಿತಂತೆ ತಿಮೋತಿ ಕುಳಿತಿದ್ದ. ನೂರಾದಾಗ ಐದೂ ಹದಿನೈದು.

ಅರ್ಜಿಯ ಪುಟ ತೆರೆಯಿತು. ತುಂಬಿದ್ದೆಲ್ಲ ಹಾಗೇ ಇತ್ತು. ತಿಮೋತಿ ಹುಬ್ಬಳ್ಳಿಯ ನಾಲ್ಕೂ ಶಾಲೆಗಳನ್ನು ಒಂದೊಂದಾಗಿ ಹುಡುಕಿ ಆರಿಸಿದ. ಬೇವಿನ ಮರದ ಶಾಲೆಯನ್ನು ಎಲ್ಲಕ್ಕಿಂತ ಮೇಲೆ ಇಟ್ಟ. ಐದೂ ಇಪ್ಪತ್ತೊಂದು.

ಊಟ ಮಾಡಿ, ನಿದ್ದೆ ತೆಗೆದು, ಬೇರೆ ಅಂಗಿ ಹಾಕಿಕೊಂಡ ಗಿರಿಯಪ್ಪ ಆಗ ಒಳಗೆ ಬಂದರು. "ಚಾಲೂ ಆತಲ್ಲ. ನಾ ಹೇಳಿದ್ನಿಲ್ಲೋ ಕರೆಂಟಿಂದಂತ. ಅಬ್ಬಾ, ಎಷ್ಟು ಶೆಕಿ ಐತಿ ಇಲ್ಲೆ," ಎಂದು ಫ್ಯಾನು ಹಾಕಲು ಗೋಡೆಯ ಬೋರ್ಡಿಗೆ ಕೈ ಹಾಕಿದರು. ಫ್ಯಾನು ತಿರುಗಲಿಲ್ಲ. ಕಂಪ್ಯೂಟರ್ ಆರಿತು.

ಡೆನ್ನಿಸ್ ಗಿರಿಯಪ್ಪನವರ ಕೈಯನ್ನು ಮೆಲ್ಲಗೆ ಬೋರ್ಡಿನಿಂದ ಸರಿಸಿ, ಸ್ವಿಚ್ ಹಾಕಿ, ಮತ್ತೆ ಸ್ಕ್ರೂಡ್ರೈವರ್ ಮುಟ್ಟಿಸಿದ. ಪುಟ ತೆರೆಯುವಷ್ಟರಲ್ಲಿ ಐದೂ ಇಪ್ಪತ್ತೇಳು. ಹೆಸರು ಇದೆ, ಪ್ರಮಾಣಪತ್ರಗಳಿವೆ. ತಿಮೋತಿ ಕೊನೆಯ ಗುಂಡಿ ಒತ್ತಿದ. ಉದ್ದನೆಯ ಇಂಗ್ಲಿಷ್ ವಾಕ್ಯವೊಂದು ಎದ್ದು ನಿಂತು ಏನೋ ಕೇಳಿತು.

"ಹೌದು ಅನ್ರಿ, ಲಗೂ," ಎಂದರು ಗಿರಿಯಪ್ಪ.

ತಿಮೋತಿ ಹೌದು ಅಂದ. ಐದೂ ಇಪ್ಪತ್ತೆಂಟಕ್ಕೆ ಪರದೆಯ ಮೇಲೆ ಬಂತು: ನಿಮ್ಮ ಅರ್ಜಿ ಸ್ವೀಕೃತವಾಗಿದೆ.

ಅವನು ನೆಲದ ಮೇಲೆ ಕುಳಿತುಬಿಟ್ಟ. ಲಕ್ಷ್ಮೀಬಾಯಿ ಎಲ್ಲರಿಗೂ ಚಹಾ ತಂದರು. ಕಂಪ್ಯೂಟರಿನಿಂದ ನಾಲ್ಕು ಹೆಜ್ಜೆ ದೂರ ನಿಂತು ಕುಡಿದರು. ರೂತ್ ಬರುವ ಮೊದಲೇ ಡೆನ್ನಿಸ್ ಚೀಲ ಎತ್ತಿಕೊಂಡು ಹೋದ, ಉಳಿದವರೂ ಹೋದರು.

ಆರೂ ಕಾಲಿಗೆ ರೂತ್ ಬಂದಳು. ಚಪ್ಪಲಿ ಬಿಟ್ಟು, ಕುರ್ಚಿಯಲ್ಲಿ ಕುಳಿತು, ಮೊಣಕಾಲು ಒತ್ತಿಕೊಂಡಳು.

"ಮಧ್ಯಾಹ್ನ ಮೆಸೇಜ್ ಮಾಡಿದ್ದೆ, ನೋಡ್ಲಿಲ್ಲೇನು?"

ತಿಮೋತಿ ಜೇಬು ಮುಟ್ಟಿಕೊಂಡ. ಮೊಬೈಲು ಗಿರಿಯಪ್ಪನವರ ಬೆಳಗಿನ ಅಂಗಿಯಲ್ಲಿದೆ ಎಂದು ಅವನಿಗೆ ಆಗ ಹೊಳೆಯಿತು. "ಇಲ್ಲ. ಏನಿತ್ತು?"

"ಅರ್ಜಿ ತಾರೀಕು ಮುಂದ ಹಾಕ್ಯಾರ. ಇನ್ನ ಹತ್ತು ದಿನ ಕೊಟ್ಟಾರ. ಹನ್ನೆರಡಕ್ಕ ಆದೇಶ ಬಂತು." ಅವಳು ನಕ್ಕಳು. "ನಮಗೇನು, ನೀವು ಹೋದ ವಾರನ ಹಾಕೀರಿ. ಪಾಪ, ನಮ್ಮ ಸಾಲ್ಯಾಗ ಇಬ್ಬರು ಗಾಬರ‍್ಯಾಗಿ ಮುಂಜಾನೆ ತಪ್ಪುತಪ್ಪಾಗಿ ಹಾಕ್ಯಾರ. ಒಮ್ಮೆ ಸಲ್ಲಿಸಿದ್ರ ತಿದ್ದಾಕ ಬರಂಗಿಲ್ಲಂತ."

ತಿಮೋತಿ ಹೌದೆಂದು ತಲೆಯಾಡಿಸಿದ. ಹತ್ತು ದಿನ. ಆದರೂ ಇರಲಿ, ಅರ್ಜಿಯಂತೂ ಹೋಗಿದೆ ಎಂದು ಸಮಾಧಾನ ಮಾಡಿಕೊಳ್ಳುತ್ತಿರುವಾಗ ರೂತ್‌ಳ ಚೀಲದಲ್ಲಿ ಮೊಬೈಲು ಟಿಣ್ ಎಂದಿತು. ಅವಳು ಕನ್ನಡಕ ಹಾಕಿಕೊಂಡು ಓದತೊಡಗಿದಳು.

"ಇಲಾಖೆಯಿಂದ ಬಂದೈತಿ," ಎಂದಳು. ಮುಂದಿನ ಸಾಲು ಓದಿ, "ಇವತ್ತ ಸಂಜಿ ಐದೂ ಇಪ್ಪತ್ತೆಂಟಕ್ಕ ನನ್ನ ಅರ್ಜಿ ಸಿಕ್ಕೈತಂತ."

"ರೂತ್, ನಾ ಹೇಳ್ತೇನಿ ಕೇಳು..."

ಅವಳು ಕೈಯೆತ್ತಿ ತಡೆದಳು. ಇನ್ನೂ ಓದುತ್ತಿದ್ದಳು. "ಕೋರಿದ ಸಾಲಿ ಅಂತ ಒಂದ ಹೆಸರು ಐತಿ."

"ಒಂದ? ನಾ ನಾಲ್ಕು..." ಎಂದವನು ನಿಲ್ಲಿಸಿದ. ಆರಿದ ಕಂಪ್ಯೂಟರಿನ ಜೊತೆಗೇ ಆ ನಾಲ್ಕೂ ಹೋಗಿದ್ದವು. ಮತ್ತೆ ತೆರೆದಾಗ ಅವನು ಪಟ್ಟಿಯನ್ನು ನೋಡಿರಲೇ ಇಲ್ಲ. "ಯಾವುದು ಐತಿ?"

"ನಂದ. ಈಗಿರೂ ಸಾಲಿ. ಏನೂ ಆರಿಸಲಿಲ್ಲಂದ್ರ ಅದನ್ನ ತಗೋತೈತಂತ." ಕನ್ನಡಕದ ಮೇಲಿಂದ ಗಂಡನನ್ನು ನೋಡಿದಳು. "ನಮ್ಮ ಸಾಲಿಂದ ನಮ್ಮ ಸಾಲಿಗೇ ವರ್ಗಾವಣಿ ಕೇಳೀರಿ. ಇದು ಸಿಗತೈತಿ ಬಿಡ್ರಿ. ಮತ್ಯಾರೂ ಕೇಳಿರಂಗಿಲ್ಲ."

ಅವಳು ಅಳಲಿಲ್ಲ, ಬೈಯಲಿಲ್ಲ. ತಿಮೋತಿಗೆ ಹೆಚ್ಚು ಹೆದರಿಕೆಯಾದದ್ದು ಅದಕ್ಕೇ. ಚೀಲದಿಂದ ಬಿಳಿ ಹಾಳೆಯೊಂದನ್ನು ತೆಗೆದು ಅವನ ಮುಂದಿಟ್ಟಳು.

"ನಾಳೆ ಇದನ್ನ ಹಿಡಕೊಂಡು ಶಿಕ್ಷಣಾಧಿಕಾರಿಗಳ ಕಡೆ ಹೋಗ್ರಿ. ಅರ್ಜಿ ನಾ ಹಾಕಿಲ್ಲ, ನನ್ನ ಗಂಡ ಹಾಕ್ಯಾನ, ರದ್ದು ಮಾಡ್ರಿ ಅಂತ ಬರೀರಿ. ಅವರು ಒಪ್ಪೂ ತನಕ ದಿನಾ ಹೋಗ್ರಿ."

"ಛಲೋತ್ನಾಗ ಟೈಪ್ ಮಾಡಿ ಕೊಡ್ಲೇನು?" ಎಂದ ತಿಮೋತಿ, ತಗ್ಗಿದ ದನಿಯಲ್ಲಿ. "ಈಗ ಕಂಪ್ಯೂಟರ್ ಚಾಲೂ ಆಗೇತಿ."

ರೂತ್ ತನ್ನ ಪೆನ್ನಿನ ಟೊಪ್ಪಿಗೆ ತೆಗೆದು ಅವನ ಕೈಗೆ ಕೊಟ್ಟಳು.

"ಕೈಲೇ ಬರೀರಿ," ಎಂದಳು. "ನನ್ನ ಮುಂದ ಕುಂತು ಬರೀರಿ."